ಹನ್ನೆರಡು ಬಾಟಲಿ, ಒಂದು ಮೂಗು

ನೀರಣ್ಣನ ನಿಜವಾದ ಹೆಸರು ಏನೆಂದು ಅವನ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ನಗರದ ನೀರು ಶುದ್ಧೀಕರಣ ಕೇಂದ್ರದ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ದುಡಿದವನಿಗೆ ಈ ಹೆಸರು ತಾನಾಗಿಯೇ ಅಂಟಿಕೊಂಡಿತ್ತು. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೂ, ಕೆಂಪಗೆ ಬಂದರೂ, ಬಾರದೇ ಹೋದರೂ ಜನ ಅವನನ್ನೇ ಹಿಡಿದು ನಿಲ್ಲಿಸುತ್ತಿದ್ದರು. ನೀರು ಬಿಡುವುದು ತನ್ನ ಕೆಲಸವಲ್ಲ, ಬಿಟ್ಟ ನೀರನ್ನು ಪರೀಕ್ಷೆ ಮಾಡುವುದಷ್ಟೇ ಎಂದು ಹೇಳಿ ಹೇಳಿ ಸೋತು, ಈಗೀಗ "ನಾಳೆ ಸರಿಹೋಗುತ್ತೆ" ಎಂದಷ್ಟೇ ಹೇಳಿ ಮುಂದೆ ನಡೆಯುತ್ತಿದ್ದ. ಮುಕ್ಕಾಲು ಪಾಲು ಸರಿಹೋಗುತ್ತಲೂ ಇತ್ತು.

ಪ್ರಯೋಗಾಲಯದಲ್ಲಿ ನೀರಿನ ಬಗ್ಗಡ ಅಳೆಯಲು ಒಂದು ಯಂತ್ರ, ಕ್ಲೋರಿನ್ ಅಳೆಯಲು ಇನ್ನೊಂದು ಯಂತ್ರ. ವಾಸನೆ ಹಿಡಿಯಲು ಮಾತ್ರ ನೀರಣ್ಣನ ಮೂಗು. ಬಡಾವಣೆ ಬಡಾವಣೆಯಿಂದ ಬಂದ ಸೀಸೆಗಳ ನೀರನ್ನು ಗಾಜಿನ ಫ್ಲಾಸ್ಕಿಗೆ ಸುರಿದು, ಬೆಚ್ಚಗೆ ಮಾಡಿ, ಬಿರಡೆ ಹಾಕಿ ಕುಲುಕಿ, ಬಿರಡೆ ತೆಗೆದ ಕೂಡಲೇ ಒಂದು ಸಲ ಉಸಿರೆಳೆಯುವುದು. ಆಮೇಲೆ ದಾಖಲೆ ಪುಸ್ತಕದಲ್ಲಿ 'ವಾಸನೆ' ಎಂಬ ಅಂಕಣದಲ್ಲಿ 'ಇಲ್ಲ' ಎಂದೋ 'ಇದೆ' ಎಂದೋ ಬರೆಯುವುದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯರೊಬ್ಬರು ಅವನ ಮೂಗಿಗೆ ಶಹಬ್ಬಾಸ್ ಎಂದಿದ್ದರು. ಅದನ್ನು ಅವನು ಇನ್ನೂ ಮರೆತಿರಲಿಲ್ಲ.

ಅವನ ಬಾಲ್ಯದ ಗೆಳೆಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮೇಷ್ಟ್ರು. ಸಂಸಾರದಲ್ಲಿ, ಊಟದಲ್ಲಿ, ಹವಾಮಾನದಲ್ಲಿ ಕೂಡ ಅಂಕ ಹಾಕುವ ಚಟ ಅವರದು. ಆ ವರ್ಷ ಶಾಲೆಗೆ ಹತ್ತು ದಿನ ರಜೆ ಬಂದಾಗ ನೀರಣ್ಣನೂ ಉಳಿಸಿಕೊಂಡಿದ್ದ ರಜೆಯಲ್ಲಿ ಒಂದು ವಾರ ಹಾಕಿದ. ಸೋಮವಾರ ಮಧ್ಯಾಹ್ನ ಮೇಷ್ಟ್ರು ಒಂದು ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಬಂದು ಊಟದ ಮೇಜಿನ ಮೇಲಿಟ್ಟರು. ಒಳಗೆ ಹನ್ನೆರಡು ಬಾಟಲಿ ಬಿಯರ್. ಒಂದರ ಹಾಗೆ ಇನ್ನೊಂದಿಲ್ಲ. ಒಂದರ ಚೀಟಿಯ ಮೇಲೆ ಬಸವನಹುಳು, ಇನ್ನೊಂದರ ಮೇಲೆ ಸೈಕಲ್ಲು, ಮತ್ತೊಂದರ ಮೇಲೆ ಕನ್ನಡಕ ಹಾಕಿದ ಗೂಬೆ.

"ಏನೋ ಇದು, ಅಂಗಡಿ ಇಡ್ತೀಯಾ?" ಎಂದ ನೀರಣ್ಣ.

"ಕ್ರಾಫ್ಟ್ ಬಿಯರ್ ಕಣೋ. ದೊಡ್ಡ ಫ್ಯಾಕ್ಟರಿದಲ್ಲ. ಸಣ್ಣ ಸಣ್ಣೋರು ತಮ್ಮ ಕೈಯಾರೆ ಮಾಡೋದು. ದಿನಕ್ಕೆ ನಾಲ್ಕು, ಮೂರು ದಿನ. ಕುಡಿಯೋದಕ್ಕಲ್ಲ, ರುಚಿ ನೋಡಿ ಹೋಲಿಸೋದಕ್ಕೆ," ಎನ್ನುತ್ತ ಮೇಷ್ಟ್ರು ಜೇಬಿನಿಂದ ಗೆರೆ ಹಾಕಿದ ಹಾಳೆಗಳನ್ನು ತೆಗೆದರು. ಬಣ್ಣ, ನೊರೆ, ವಾಸನೆ, ರುಚಿ, ಒಟ್ಟಾರೆ. ಪ್ರತಿಯೊಂದಕ್ಕೂ ಹತ್ತು ಅಂಕ. "ನಿನ್ನ ಮೂಗಿನ ಮುಂದೆ ನಾನು ಗೆಲ್ಲಲ್ಲ ಅಂತ ಗೊತ್ತು. ಆದರೂ ನೋಡೋಣ."

ನೀರಣ್ಣನಿಗೆ ಒಳಗೊಳಗೇ ಹಿಗ್ಗಾಯಿತು. ಕಾಲು ಮಡಚಿ ಕುರ್ಚಿಯ ಮೇಲೆ ಜಮಾಯಿಸಿ ಕೂತ. ಲೋಟಕ್ಕೆ ಎರಡು ಬೆರಳಿನಷ್ಟು ಸುರಿದದ್ದಾಯಿತು. ಮೇಷ್ಟ್ರು ಲೋಟವನ್ನು ತಿರುಗಿಸಿ, ಮೂಗು ಒಳಕ್ಕೆ ತೂರಿಸಿ, ಕಣ್ಣು ಮುಚ್ಚಿ, "ಬ್ರೆಡ್ ಸುಟ್ಟಾಗ ಅಂಚು ಇರುತ್ತಲ್ಲ, ಆ ವಾಸನೆ," ಎಂದು ಬರೆದುಕೊಂಡರು. ನೀರಣ್ಣನೂ ಲೋಟ ಕುಲುಕಿ ಉಸಿರೆಳೆದ. ತಣ್ಣಗಿತ್ತು. ಇನ್ನೊಮ್ಮೆ ಎಳೆದ. ತಣ್ಣಗೇ ಇತ್ತು. ಕುಡಿದು ನೋಡಿದರೆ ನಾಲಿಗೆಗೆ ಕಹಿ ತಗುಲಿತು. 'ಕಹಿ, ಚೆನ್ನಾಗಿದೆ' ಎಂದು ಬರೆದ.

ಎರಡನೆಯ ಬಾಟಲಿಗೆ ಮೇಷ್ಟ್ರು ಕಿತ್ತಳೆ ಸಿಪ್ಪೆ ಎಂದರು. ನೀರಣ್ಣ 'ಸ್ವಲ್ಪ ಕಹಿ, ಚೆನ್ನಾಗಿದೆ' ಎಂದ. ಮೂರನೆಯದಕ್ಕೆ ಅವರು ಜೇನು, ಒಣಹುಲ್ಲು ಎಂದರು. ನೀರಣ್ಣ 'ಸ್ವಲ್ಪ ಸಿಹಿ, ಚೆನ್ನಾಗಿದೆ' ಎಂದ.

"ಇದೇನೋ, ಎಲ್ಲಾ ಚೆನ್ನಾಗಿದೆ? ಹೆಣ್ಣು ನೋಡೋಕೆ ಬಂದಿದ್ದೀಯಾ?" ಎಂದರು ಮೇಷ್ಟ್ರು.

"ನೀನು ಸುಳ್ಳು ಬಿಡ್ತಿದ್ದೀಯ. ಚೀಟಿ ಓದಿಕೊಂಡು ಬಂದು ಉದುರಿಸ್ತಿದ್ದೀಯ," ಎಂದ ನೀರಣ್ಣ. ಅವನಿಗೆ ನಿಜಕ್ಕೂ ಹಾಗೇ ಅನ್ನಿಸಿತ್ತು. ಒಣಹುಲ್ಲಿನ ವಾಸನೆ ಯಾರಾದರೂ ಬಿಯರಿನಲ್ಲಿ ಹುಡುಕುತ್ತಾರೆಯೇ?

ನಾಲ್ಕನೆಯದು ಗೋಧಿಯಿಂದ ಮಾಡಿದ್ದು, ಬಣ್ಣ ಮಬ್ಬುಮಬ್ಬು. ಅದನ್ನು ಸುರಿಯುವ ಹೊತ್ತಿಗೆ ನೀರಣ್ಣನ ಹೆಂಡತಿ ಮುಂದಿನ ಕೋಣೆಯಿಂದ ಎದ್ದು ಬಂದಳು. ಆಕೆ ಮನೆಗಳಿಗೆ, ಕಚೇರಿಗಳಿಗೆ ಕಿಟಕಿಯ ಪರದೆ ಹೊಲಿದು ಕೊಡುವವಳು. ಭುಜದ ಮೇಲೆ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. ಅಡುಗೆಮನೆಗೆ ಹೋಗುತ್ತಿದ್ದವಳು ಮೇಜಿನ ಪಕ್ಕ ನಿಂತು ಸುತ್ತ ನೋಡಿದಳು.

"ಬಾಳೆಹಣ್ಣು ಯಾರು ತಂದ್ರು?"

ಮೇಷ್ಟ್ರು ತಮ್ಮ ಹಾಳೆಯನ್ನು ಮೆಲ್ಲಗೆ ನೀರಣ್ಣನ ಕಡೆ ತಿರುಗಿಸಿದರು. ವಾಸನೆಯ ಅಂಕಣದಲ್ಲಿ ಆಗಲೇ ಬರೆದಿತ್ತು: 'ಮಾಗಿದ ಬಾಳೆಹಣ್ಣು, ಲವಂಗ.'

ನೀರಣ್ಣ ಒಮ್ಮೆ ಹಾಳೆ ನೋಡಿದ, ಒಮ್ಮೆ ಹೆಂಡತಿಯ ಮುಖ ನೋಡಿದ. "ನೀವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೀರಾ," ಎಂದ.

"ನನಗೇನು ಕೆಲಸ ಇಲ್ವಾ?" ಎಂದು ಆಕೆ ಒಳಗೆ ಹೋದಳು.

ಅವತ್ತು ಸಂಜೆ ಮೇಷ್ಟ್ರು ಹೋದ ಮೇಲೆ ನೀರಣ್ಣ ಆ ಲೋಟವನ್ನು ತೊಳೆಯದೆ ಇಟ್ಟುಕೊಂಡು ಮೂರು ಸಲ ಮೂಸಿದ. ಬಾಳೆಹಣ್ಣೂ ಇಲ್ಲ, ಲವಂಗವೂ ಇಲ್ಲ. ನೆಗಡಿಯಾಗಿದೆಯೇ? ಮೂಗು ಒಣಗಿಕೊಂಡೇ ಇತ್ತು. ಬಿಯರ್ ಅಭ್ಯಾಸವಿಲ್ಲದ್ದಕ್ಕೆ ಹೀಗಿರಬಹುದು ಎಂದು ತನಗೆ ತಾನೇ ಹೇಳಿಕೊಂಡ. ತನಗೆ ಅಭ್ಯಾಸ ನೀರಿನದು. ನೀರಿನ ಮೂಗೇ ಬೇರೆ, ಬಿಯರಿನ ಮೂಗೇ ಬೇರೆ ಇರಬಹುದು.

ಮಂಗಳವಾರ ಅವನು ಒಂದು ಉಪಾಯ ಮಾಡಿದ. ಮೇಷ್ಟ್ರು ಬರೆಯುವಾಗ ಓರೆಗಣ್ಣಿನಲ್ಲಿ ಅವರ ಹಾಳೆ ನೋಡಿ, ಶಬ್ದಗಳನ್ನು ಸ್ವಲ್ಪ ಆಚೀಚೆ ಮಾಡಿ ತನ್ನ ಹಾಳೆಗೆ ಇಳಿಸಿದ. ಅವರು 'ಕಾಫಿ' ಎಂದು ಬರೆದರೆ ಇವನು 'ಕಾಫಿಪುಡಿ' ಎಂದು ಬರೆದ. 'ಹಸಿ ಹುಲ್ಲು' ಎಂದರೆ 'ಗರಿಕೆ' ಎಂದ. ಮೂವತ್ತು ವರ್ಷ ಪರೀಕ್ಷಾ ಕೊಠಡಿ ಕಾದವರ ಮುಂದೆ ಈ ಆಟ ನಡೆಯುತ್ತದೆ ಎಂದು ಅವನು ಹೇಗೆ ನಂಬಿದನೋ. ನಾಲ್ಕನೆಯ ಬಾಟಲಿ ಮುಗಿದ ಮೇಲೆ ಮೇಷ್ಟ್ರು ಎರಡೂ ಹಾಳೆ ಪಕ್ಕಪಕ್ಕ ಇಟ್ಟು, ಜೇಬಿನಿಂದ ಕೆಂಪು ಪೆನ್ನು ತೆಗೆದರು.

"ಗೂಬೆ ಬಾಟಲಿಗೆ ಏನು ಬರೆದಿದ್ದೀಯ?"

"ಸ್ವಲ್ಪ ಸೀಮೆಎಣ್ಣೆ."

"ನಿನಗೆ ಸೀಮೆಎಣ್ಣೆ ವಾಸನೆ ಬಂತಾ?"

"ಬಂತು. ಜೋರಾಗಲ್ಲ."

"ಅದರಲ್ಲಿ ಇದ್ದದ್ದು ಮಾವಿನಹಣ್ಣಿನ ವಾಸನೆ ಕಣೋ. ಸೀಮೆಎಣ್ಣೆ ಅಂತ ನಾನು ಬೇಕು ಅಂತಲೇ ಬರೆದೆ. ನೀನು ನೋಡ್ತಿದ್ದೀಯ ಅಂತ ಮೊದಲನೇ ಬಾಟಲಿಗೇ ಗೊತ್ತಾಯ್ತು." ಮೇಷ್ಟ್ರು ನಗುತ್ತಲೇ ಶುರುಮಾಡಿದ್ದರು, ಆದರೆ ನೀರಣ್ಣನ ಮುಖ ನೋಡಿ ನಗು ಅರ್ಧಕ್ಕೆ ನಿಲ್ಲಿಸಿದರು. "ಯಾಕೋ ಹೀಗೆ ಮಾಡಿದೆ? ಇದೇನು ನಿಜವಾದ ಪರೀಕ್ಷೆಯಾ?"

ನೀರಣ್ಣ ಲೋಟದ ಅಂಚನ್ನು ಬೆರಳಿನಿಂದ ಸವರುತ್ತ ಕೂತ. "ನನಗೆ ಏನೂ ಬರ್ತಿಲ್ಲ," ಎಂದ. "ಕಹಿ ಗೊತ್ತಾಗುತ್ತೆ, ಹುಳಿ ಗೊತ್ತಾಗುತ್ತೆ, ಸಿಹಿ ಗೊತ್ತಾಗುತ್ತೆ. ಅದರ ಮೇಲೆ ನೀನು ಹೇಳೋ ಹಣ್ಣು ಹೂವು ಏನೂ ಇಲ್ಲ. ನೀನು ತಮಾಷೆ ಮಾಡ್ತಿದ್ದೀಯೋ, ನಿಜವಾಗಿ ಇದೆಯೋ, ನನಗೆ ತಲೆಬುಡ ಅರ್ಥ ಆಗ್ತಿಲ್ಲ."

"ನಾಳೆ ಸರಿಯಾಗಿ ನೋಡೋಣ," ಎಂದರು ಮೇಷ್ಟ್ರು. ಆ ಮಾತಿನಲ್ಲಿ ಮೇಷ್ಟ್ರುತನ ಸ್ವಲ್ಪವೂ ಇರಲಿಲ್ಲ.

ಬುಧವಾರ ಅವರು ಅಂಕದ ಹಾಳೆ ತರಲಿಲ್ಲ. ಒಂದೇ ಥರದ ಮೂರು ಲೋಟ ಇಟ್ಟು, ನೀರಣ್ಣನ ಕಣ್ಣಿಗೆ ಟವೆಲ್ ಕಟ್ಟಿದರು. ಎರಡು ಲೋಟಕ್ಕೆ ಒಂದೇ ಬಿಯರ್, ಮೂರನೆಯದಕ್ಕೆ ಬೇರೆಯದು. ಆ ಬೇರೆಯದು ಹೊಗೆಯಲ್ಲಿ ಒಣಗಿಸಿದ ಕಾಳಿನಿಂದ ಮಾಡಿದ್ದು. ಮುಚ್ಚಳ ತೆಗೆದಾಗಲೇ ಮನೆಯೆಲ್ಲ ಸೌದೆ ಒಲೆ ಹಚ್ಚಿದ ಹಾಗಾಯಿತು ಎಂದು ಹೆಂಡತಿ ಆಮೇಲೆ ಹೇಳಿದಳು. ಕುಡಿಯುವ ಹಾಗಿಲ್ಲ, ಮೂಸಿ ಮಾತ್ರ ಬೇರೆಯದು ಯಾವುದೆಂದು ಹೇಳಬೇಕು.

ನೀರಣ್ಣ ಒಂದನ್ನು ಮೂಸಿದ. ಎರಡನ್ನು ಮೂಸಿದ. ಮೂರನ್ನು ಮೂಸಿದ. ಕತ್ತಲೆಯಲ್ಲಿ ಗೋಡೆ ತಡವಿದ ಹಾಗಾಯಿತು. "ನಡುವಿನದು," ಎಂದ.

ಮೇಷ್ಟ್ರು ಸರಿಯೋ ತಪ್ಪೋ ಹೇಳಲಿಲ್ಲ. ಲೋಟಗಳನ್ನು ಅದಲುಬದಲು ಮಾಡಿ ಮತ್ತೆ ಕೊಟ್ಟರು. ಹೀಗೆ ಆರು ಸಲ. ಆರನೆಯ ಸಲ ಮುಗಿದ ಮೇಲೆ ಟವೆಲ್ ಬಿಚ್ಚಿದಾಗ ಎದುರಿಗೆ ಮೇಷ್ಟ್ರ ಪಕ್ಕ ಹೆಂಡತಿಯೂ ಕೂತಿದ್ದಳು.

"ಎಷ್ಟು ಸರಿ?" ಎಂದ ನೀರಣ್ಣ.

"ಎರಡು."

"ಎರಡಾದರೂ ಬಂತಲ್ಲ."

"ಸುಮ್ಮನೆ ಕೈ ತೋರಿಸಿದರೂ ಆರರಲ್ಲಿ ಎರಡು ಸರಿ ಬರುತ್ತೆ ಕಣೋ," ಎಂದರು ಮೇಷ್ಟ್ರು.

ಮೇಷ್ಟ್ರು ಲೋಟಗಳನ್ನು ಪಕ್ಕಕ್ಕೆ ಸರಿಸಿಟ್ಟರು. ಆಮೇಲೆ ಹೆಂಡತಿ ಕೇಳಿದಳು: "ರೀ, ಹೋದ ತಿಂಗಳು ಹಾಲು ಸೀದು ಪಾತ್ರೆ ಕರಕಲಾಯ್ತಲ್ಲ, ನೀವು ಅಲ್ಲೇ ಪೇಪರ್ ಓದುತ್ತಾ ಕೂತಿದ್ರಿ. ಬೇಕಂತಲೇ ಎದ್ದಿಲ್ಲ ಅಂತ ನಾನು ಎರಡು ದಿನ ಮಾತು ಬಿಟ್ಟಿದ್ದೆ. ನಿಮಗೆ ನಿಜವಾಗ್ಲೂ ಗೊತ್ತಾಗಲಿಲ್ವಾ?"

"ನೀನು ಯಾಕೆ ಮಾತು ಬಿಟ್ಟೆ ಅಂತಾನೇ ನನಗೆ ಗೊತ್ತಾಗಿರಲಿಲ್ಲ," ಎಂದ ನೀರಣ್ಣ.

ಆದರೆ ಅವನ ಮನಸ್ಸು ಆಗ ಹಾಲಿನ ಮೇಲಿರಲಿಲ್ಲ. ಪ್ರಯೋಗಾಲಯದ ದಾಖಲೆ ಪುಸ್ತಕ ಕಣ್ಣ ಮುಂದೆ ಬಂತು. ವಾಸನೆ: ಇಲ್ಲ. ವಾಸನೆ: ಇಲ್ಲ. ಪುಟ ತುಂಬ ತನ್ನದೇ ದುಂಡನೆಯ ಅಕ್ಷರ. ಹಾಗಾದರೆ ಎಲ್ಲಿಯವರೆಗೆ ಆ 'ಇಲ್ಲ' ನೀರಿನ ವಿಷಯವಾಗಿತ್ತು, ಎಲ್ಲಿಂದ ತನ್ನ ಮೂಗಿನ ವಿಷಯವಾಗಿತ್ತು?

ಗುರುವಾರ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋದ. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ಎಷ್ಟು ದಿನದಿಂದ?" ಎಂಬುದು. ನೀರಣ್ಣ ಕಣ್ಣು ಕಣ್ಣು ಬಿಟ್ಟ. ಹೋದ ಚಳಿಗಾಲವೋ, ಅದರ ಹಿಂದಿನದೋ. ಊಟ ಸಪ್ಪೆ ಅನ್ನಿಸಿದಾಗಲೆಲ್ಲ ಹೆಂಡತಿಗೆ ವಯಸ್ಸಾಯಿತು, ಕೈ ರುಚಿ ಹೋಯಿತು ಎಂದುಕೊಂಡಿದ್ದ. ಅದನ್ನು ಡಾಕ್ಟರ ಮುಂದೆ ಹೇಳಲಿಲ್ಲ, ಹೆಂಡತಿ ಪಕ್ಕದಲ್ಲೇ ಇದ್ದಳು.

ಡಾಕ್ಟರು ಪುಟ್ಟ ಪುಟ್ಟ ಸೀಸೆಗಳನ್ನು ಒಂದೊಂದಾಗಿ ಮೂಗಿಗೆ ಹಿಡಿದರು. ಕಾಫಿಪುಡಿ, ಸಾಬೂನು, ಲವಂಗದೆಣ್ಣೆ. ಏನೂ ಇಲ್ಲ. ಕೊನೆಯದನ್ನು ಹಿಡಿದಾಗ ನೀರಣ್ಣ ತಲೆ ಹಿಂದಕ್ಕೆಳೆದುಕೊಂಡ.

"ಇದು ಬಂತು ಡಾಕ್ಟ್ರೇ. ಚೆನ್ನಾಗಿ ಬಂತು."

"ಅದು ಅಮೋನಿಯಾ. ಅದು ಬಂದದ್ದು ವಾಸನೆಯಾಗಿ ಅಲ್ಲ, ಉರಿಯಾಗಿ. ಆ ನರವೇ ಬೇರೆ," ಎಂದರು ಡಾಕ್ಟರು. ಮೂಗಿನೊಳಗೆ ಎರಡೂ ಕಡೆ ಮೃದುವಾದ ಗಂಟು ಬೆಳೆದಿದೆ, ಗಾಳಿ ಮೇಲಕ್ಕೆ ಹೋಗುತ್ತಿಲ್ಲ, ಮೊದಲು ಔಷಧಿ ನೋಡೋಣ, ಆಗದಿದ್ದರೆ ತೆಗೆಯೋಣ ಎಂದು ವಿವರಿಸಿದರು. ವಾಸನೆ ವಾಪಸ್ ಬರುತ್ತದೆಯೇ ಎಂದರೆ, ಬರಬಹುದು ಎಂದರು. ಪೂರ್ತಿ ಬರುತ್ತದೆಯೇ ಎಂದರೆ, ಹೇಳಲಾಗದು ಎಂದರು.

ನೀರಣ್ಣ ಅರ್ಧವನ್ನೇ ಕೇಳಿಸಿಕೊಂಡಿದ್ದ. ಉರಿ ಎಂಬ ಮಾತು ತಲೆಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಪ್ರತಿದಿನ ಬೆಳಿಗ್ಗೆ ಕ್ಲೋರಿನ್ ಕೋಣೆಯ ಬಾಗಿಲು ತೆಗೆದಾಗ ಮೂಗಿಗೆ ಚುರ್ರೆನ್ನುತ್ತಿತ್ತು. ಸದ್ಯ, ಮೂಗು ಗಟ್ಟಿಯಾಗಿದೆ ಎಂದು ಅದರಿಂದಲೇ ಅವನು ಸಮಾಧಾನಪಟ್ಟುಕೊಳ್ಳುತ್ತಿದ್ದದ್ದು.

ಶುಕ್ರವಾರ ಮೇಷ್ಟ್ರು ಬಂದಾಗ ಮೂವರೂ ಮೇಜಿನ ಸುತ್ತ ಕೂತರು. ಆಫೀಸಿನಲ್ಲಿ ಹೇಳಬೇಕೋ ಬೇಡವೋ ಎಂಬುದೇ ಮಾತು.

"ಔಷಧಿಗೆ ವಾಸಿ ಆಗಿಬಿಟ್ಟರೆ? ಸ್ವಲ್ಪ ತಡಿ. ಸುಮ್ಮನೆ ಯಾಕೆ ನಿನ್ನ ತಲೆ ಮೇಲೆ ನೀನೇ ಕಲ್ಲು ಹಾಕ್ಕೋತೀಯ?" ಎಂದರು ಮೇಷ್ಟ್ರು.

"ಅಲ್ಲೀವರೆಗೂ ಏನಂತ ಬರೀತಾರೆ ಅಣ್ಣ? ಇಲ್ಲ ಅಂತಾನಾ, ಇದೆ ಅಂತಾನಾ?" ಎಂದಳು ಹೆಂಡತಿ.

ನೀರಣ್ಣ ಆ ಇಬ್ಬರಿಗೂ ಹೇಳದ ಒಂದು ಸಂಗತಿ ಇತ್ತು. ಊರಂಚಿನ ಒಂದು ಬಡಾವಣೆಗೆ ಬೇರೆ ಕೆರೆಯ ನೀರು ಹೋಗುತ್ತಿತ್ತು. ಅಲ್ಲಿಂದ ಒಬ್ಬ ಹೆಂಗಸು ನಾಲ್ಕು ತಿಂಗಳಲ್ಲಿ ಮೂರು ಕಾಗದ ಬರೆದಿದ್ದರು, ನೀರು ವಾಸನೆ ಬರುತ್ತಿದೆ ಎಂದು. ನಿವೃತ್ತ ಟೆಲಿಫೋನ್ ಆಪರೇಟರ್ ಅವರು. ಎರಡನೆಯ ಕಾಗದಕ್ಕೆ ನೀರಣ್ಣನೇ ಅವರ ಮನೆಗೆ ಹೋಗಿ, ನಲ್ಲಿ ತಿರುಗಿಸಿ, ಲೋಟದಲ್ಲಿ ಹಿಡಿದು ಮೂಸಿ, "ನಮ್ಮ ನೀರಿನಲ್ಲಿ ಏನೂ ಇಲ್ಲಮ್ಮ, ನಿಮ್ಮ ಮೇಲಿನ ಟ್ಯಾಂಕ್ ತೊಳೆಸಿ," ಎಂದು ಹೇಳಿ ಬಂದಿದ್ದ. ಮೂರನೆಯ ಕಾಗದ ಬಂದಾಗ, ಕೆಲವರಿಗೆ ವಯಸ್ಸಾದ ಮೇಲೆ ಹೀಗೆ ಏನೇನೋ ಅನ್ನಿಸುತ್ತದೆ ಎಂದು ಕಚೇರಿಯಲ್ಲಿ ನಗುತ್ತ ಫೈಲಿಗೆ ಸೇರಿಸಿದ್ದ.

ಸೋಮವಾರ ಕೆಲಸಕ್ಕೆ ಹೊರಟಾಗ ಏನು ಹೇಳಬೇಕೆಂದು ಅವನು ತೀರ್ಮಾನಿಸಿರಲಿಲ್ಲ. ಬಸ್ಸಿನಲ್ಲಿ ನಾಲ್ಕು ಥರ ಮಾತು ಜೋಡಿಸಿದ. ಇಳಿಯುವಾಗ ನಾಲ್ಕೂ ಕಲಸಿಕೊಂಡವು. ಪ್ರಯೋಗಾಲಯದ ಮುಖ್ಯಸ್ಥೆ ಅವನಿಗಿಂತ ಹತ್ತು ವರ್ಷ ಚಿಕ್ಕವರು, ಎಲ್ಲರೂ ಮೇಡಂ ಎನ್ನುತ್ತಿದ್ದರು. ಅವರ ಮೇಜಿನ ಮುಂದೆ ನಿಂತಾಗ ನೀರಣ್ಣನ ಬಾಯಿಂದ ಬಂದದ್ದು ಇಷ್ಟು:

"ಮೇಡಂ, ನನಗೆ ಬಿಯರ್ ವಾಸನೆ ಬರ್ತಿಲ್ಲ."

ಮೇಡಂ ತಲೆಯೆತ್ತಿ ಅವನನ್ನೂ, ಗೋಡೆಯ ಗಡಿಯಾರವನ್ನೂ ನೋಡಿದರು. "ಕೂತ್ಕೊಳ್ಳಿ," ಎಂದರು. "ಕುಡಿದು ಬಂದಿದ್ದೀರಾ?"

"ಇಲ್ಲ ಮೇಡಂ. ಕುಡಿದದ್ದರಿಂದ ಗೊತ್ತಾಯ್ತು."

ಆಮೇಲೆ ಮೊದಲಿಂದ ಹೇಳಿದ. ಬಾಳೆಹಣ್ಣು, ಸೀಮೆಎಣ್ಣೆ, ಮೂರು ಲೋಟ, ಡಾಕ್ಟರು. ಹಿಂದೆ ಮುಂದೆ ಆಗಿ ಮತ್ತೆ ಸರಿಪಡಿಸಿಕೊಂಡು ಹೇಳಿದ. ಟೆಲಿಫೋನ್ ಆಪರೇಟರಮ್ಮನ ವಿಷಯವನ್ನೂ ಹೇಳಿದ. ಮೇಡಂ ಎಲ್ಲ ಕೇಳಿ, ಎದ್ದು ಹೋಗಿ, ಆ ಬಡಾವಣೆಯಿಂದ ಬೆಳಿಗ್ಗೆ ಬಂದಿದ್ದ ಸೀಸೆ ತೆಗೆದುಕೊಂಡು, ಫ್ಲಾಸ್ಕಿಗೆ ಸುರಿದು, ಬೆಚ್ಚಗೆ ಮಾಡಿ, ಕುಲುಕಿ, ಬಿರಡೆ ತೆಗೆದರು. ನೀರಣ್ಣ ಅವರ ಮುಖವನ್ನೇ ನೋಡುತ್ತಿದ್ದ.

"ಮಣ್ಣು," ಎಂದರು ಮೇಡಂ. "ಬಹಳ ದಿನ ಮುಚ್ಚಿದ್ದ ನೆಲಮಾಳಿಗೆ ತೆಗೆದ ಹಾಗೆ."

ಕೆರೆಯಲ್ಲಿ ಪಾಚಿ ಹೆಚ್ಚಾದಾಗ ಹೀಗಾಗುತ್ತದೆ. ಕುಡಿದರೆ ಕೆಡುಕಿಲ್ಲ, ವಾಸನೆ ಮಾತ್ರ. ಅದು ಅವನಿಗೆ ಗೊತ್ತಿದ್ದ ಪಾಠವೇ. ಯಾರಿಗೂ ಕಾಯಿಲೆಯಾಗಿಲ್ಲ ಎಂದು ಮೇಡಂ ಎರಡು ಸಲ ಹೇಳಿದರು. ನೀರಣ್ಣನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ತನ್ನನ್ನು ಬೈಯುತ್ತಾರೋ, ಕೆಲಸದಿಂದ ತೆಗೆಯುತ್ತಾರೋ ಎಂದು ಕಾದ. ಮೇಡಂ ಬೈಯಲಿಲ್ಲ. "ಇಷ್ಟು ವರ್ಷ ಒಬ್ಬರ ಮೂಗಿನ ಮೇಲೆ ಎಲ್ಲಾ ಬಿಟ್ಟು ಕೂತಿದ್ವಿ, ನೀವು ರಜೆ ಹಾಕಿದ ವಾರ ಆ ಅಂಕಣ ಖಾಲಿಯೇ ಇತ್ತು, ನಾನೂ ಒಂದು ದಿನ ಮೂಸಿ ನೋಡಿರಲಿಲ್ಲ," ಎಂದು ಒಂದು ಹಾಳೆಯಲ್ಲಿ ಏನೋ ಬರೆದುಕೊಂಡರು. ಅದು ತನ್ನ ಮೇಲಿನ ದೂರೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ಕೇಳಲು ಧೈರ್ಯವೂ ಬರಲಿಲ್ಲ.

ಅದೇ ಮಧ್ಯಾಹ್ನ ಇಬ್ಬರೂ ಆ ಬಡಾವಣೆಗೆ ಹೋದರು. ಉಳಿದ ಮನೆಗಳವರು ಫಿಲ್ಟರ್ ಹಾಕಿಸಿಕೊಂಡು ಸುಮ್ಮನಾಗಿದ್ದರು. ಕಾಗದ ಬರೆಯುತ್ತಿದ್ದವರು ಇವರೊಬ್ಬರೇ. ಎಪ್ಪತ್ತರ ಆಚೆ ವಯಸ್ಸು, ನೆಟ್ಟಗೆ ನಿಂತ ಬೆನ್ನು, ಮಾತು ಒಂದೊಂದೂ ಬಿಡಿಬಿಡಿ. ನೀರಣ್ಣನನ್ನು ಗುರುತು ಹಿಡಿದರು.

"ಟ್ಯಾಂಕ್ ತೊಳೆಸಿದೆ. ಎರಡು ಸಲ," ಎಂದರು ಬಾಗಿಲಲ್ಲೇ.

"ತಪ್ಪು ನನ್ನದಮ್ಮ," ಎಂದ ನೀರಣ್ಣ. "ವಾಸನೆ ಇದ್ದದ್ದು ನಿಜ. ನನ್ನ ಮೂಗೇ ಹೋಗಿತ್ತು. ಅದು ನನಗೇ ಗೊತ್ತಿರಲಿಲ್ಲ."

ಆಕೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಒಳಗೆ ಕರೆದು ಕೂರಿಸಿದರು. ಕುರ್ಚಿಯ ತೋಳನ್ನು ಹಿಡಿದುಕೊಂಡು ನಿಧಾನವಾಗಿ ಮಾತಾಡಿದರು. "ನೀವು ಬಂದು ಹೋದ ಮೇಲೆ ನನ್ನ ಸೊಸೆ ಏನಂದಳು ಗೊತ್ತಾ? ಸರ್ಕಾರದವರೇ ಮೂಸಿ ಇಲ್ಲ ಅಂದ್ರಲ್ಲ ಅತ್ತೆ, ನಿಮಗೇ ಭ್ರಮೆ ಅಂತ. ಅವಳಿಗೆ ಸದಾ ನೆಗಡಿ. ನನಗೂ ಹೌದೇನೋ ಅನ್ನಿಸೋಕೆ ಶುರುವಾಯ್ತು. ತಲೆಯ ಡಾಕ್ಟರ ಹತ್ತಿರ ಕರ್ಕೊಂಡು ಹೋದರು. ಯಾವುದೋ ಮಾತ್ರೆ ಕೊಟ್ಟಿದ್ದಾರೆ. ತಗೋತಾ ಇದ್ದೀನಿ."

ನೀರಣ್ಣನಿಗೆ ಕೂತಲ್ಲಿ ಕೂರಲಾಗಲಿಲ್ಲ, ಏಳಲೂ ಆಗಲಿಲ್ಲ. ಸತ್ತ ಮೂಗಿಟ್ಟುಕೊಂಡು ತಾನು ಜೀವಂತ ಮೂಗಿಗೆ ಸುಳ್ಳು ಎಂದಿದ್ದೆ ಎಂಬುದು ಅವನಿಗೆ ಆಗ ಪೂರ್ತಿಯಾಗಿ ತಟ್ಟಿತು. ಮೇಡಂ ಎದ್ದು ಹೋಗಿ ಅಡುಗೆಮನೆಯ ನಲ್ಲಿ ತಿರುಗಿಸಿ, ಲೋಟ ಹಿಡಿದು ಮೂಸಿ, "ನಿಮ್ಮ ಮೂಗು ನಮ್ಮ ಕಚೇರಿಯ ಎಲ್ಲರಿಗಿಂತ ಚೆನ್ನಾಗಿದೆ," ಎಂದರು.

"ಹಾಗಂತ ಬರೆದುಕೊಡ್ತೀರಾ?" ಎಂದರು ಆಕೆ. "ಸೊಸೆಗೆ ತೋರಿಸಬೇಕು. ಡಾಕ್ಟರಿಗೂ ಬೇಕು."

ಮೇಡಂ ನೀರಣ್ಣನ ಕಡೆ ನೋಡಿದರು. ಅವನು ಜೇಬಿನಿಂದ ಪೆನ್ನು ತೆಗೆದ. ಇಂಥ ಕಾಗದಕ್ಕೆ ಯಾವ ನಮೂನೆಯೂ ಇರಲಿಲ್ಲ. ಎರಡು ಹಾಳೆ ಹಾಳುಮಾಡಿ ಮೂರನೆಯದರಲ್ಲಿ ಬರೆದ: ತಾವು ಹೇಳಿದಂತೆ ನೀರಿನಲ್ಲಿ ಮಣ್ಣಿನ ವಾಸನೆ ಇರುವುದು ಸತ್ಯ, ತಮ್ಮ ಮೂಗು ಸರಿಯಾಗಿದೆ, ಇಲ್ಲವೆಂದು ಹೇಳಿದ ನನ್ನದು ಸರಿಯಾಗಿರಲಿಲ್ಲ. ಕೆಳಗೆ ಸಹಿ ಹಾಕಿದ. ಮೇಡಂ ಮೊಹರು ತಂದಿರಲಿಲ್ಲ, ಅವರೂ ಸಹಿ ಹಾಕಿದರು. ಆಕೆ ಅದನ್ನು ಎರಡು ಸಲ ಓದಿ ನಾಲ್ಕಾಗಿ ಮಡಚಿಟ್ಟುಕೊಂಡರು. ಕ್ಷಮಿಸಿದೆ ಎನ್ನಲಿಲ್ಲ. ಹೊರಡುವಾಗ, "ನಿಮ್ಮ ಮೂಗಿಗೆ ಔಷಧಿ ತಗೊಳ್ತಿದ್ದೀರಾ?" ಎಂದು ಕೇಳಿದರು.

ನೀರಿಗೆ ಇದ್ದಿಲಪುಡಿ ಹಾಕಿ ಹತ್ತು ದಿನದಲ್ಲಿ ವಾಸನೆ ಹೋಯಿತು. ಪ್ರಯೋಗಾಲಯದಲ್ಲಿ ಈಗ ಮೂವರು ಬೇರೆಬೇರೆಯಾಗಿ ಮೂಸಿ ಬರೆಯುತ್ತಾರೆ. ನೀರಣ್ಣನಿಗೆ ಒಂದು ಎಚ್ಚರಿಕೆ ಪತ್ರ ಬಂತು, ಕೆಲಸ ಹೋಗಲಿಲ್ಲ, ಯಂತ್ರಗಳ ಕಡೆಗೆ ಹಾಕಿದರು. ಔಷಧಿಗೆ ಬಗ್ಗದ ಗಂಟನ್ನು ಡಾಕ್ಟರು ತೆಗೆದರು.

ಆಸ್ಪತ್ರೆಯಿಂದ ಮನೆಗೆ ಬಂದ ಎರಡು ವಾರದ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಹಲ್ಲುಜ್ಜಿ ಹೊರಬಂದವನು ನಡುಮನೆಯಲ್ಲಿ ನಿಂತುಬಿಟ್ಟ. ಏನೋ ಒಂದು ಬಂದಿತ್ತು. ಸಣ್ಣಗೆ, ಎಲ್ಲಿಂದಲೋ. ಒಳ್ಳೆಯದೋ ಕೆಟ್ಟದ್ದೋ ಹೇಳಲಾಗದಂಥದ್ದು.

"ಲೇ, ಬಾ ಇಲ್ಲಿ. ಇದೇನು ವಾಸನೆ?"

ಹೆಂಡತಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಬಂದು ಅವನ ಪಕ್ಕ ನಿಂತು ಉಸಿರೆಳೆದಳು. "ಇಸ್ತ್ರಿಪೆಟ್ಟಿಗೆ ಕಾಯಿಸಿದ್ದೆ. ಅದಾ?"

"ಗೊತ್ತಿಲ್ಲ."

"ಹೊಸ ಪರದೆ ಬಟ್ಟೆ? ಗಂಜಿ ಹಾಕಿರ್ತಾರೆ."

ಅವನು ಬಟ್ಟೆಯ ಸುರುಳಿಗೆ ಮುಖ ಒತ್ತಿ ನೋಡಿದ. ಇಸ್ತ್ರಿಪೆಟ್ಟಿಗೆಯ ಹತ್ತಿರ ಹೋದ. ಕಿಟಕಿ ತೆಗೆದು ಮುಚ್ಚಿದ. ಆಕೆ ತನಗೆ ಬರುವುದನ್ನೆಲ್ಲ ಹೇಳುತ್ತ ಅವನ ಹಿಂದೆಯೇ ನಡೆದಳು. ಸಾಬೂನು, ಸಾಸಿವೆಯ ಒಗ್ಗರಣೆ, ಪಕ್ಕದ ಮನೆಯವರ ಸ್ಕೂಟರಿನ ಹೊಗೆ. ಒಂದೊಂದಕ್ಕೂ ಅವನು ತಲೆಯಾಡಿಸಿ, ಇರಬಹುದು, ಇರಲಿಕ್ಕಿಲ್ಲ ಎನ್ನುತ್ತಿದ್ದ. ಇಬ್ಬರೂ ಮನೆಯೆಲ್ಲ ಎರಡು ಸುತ್ತು ಹಾಕುವಷ್ಟರಲ್ಲಿ ಅದು ಹೋಗಿಬಿಟ್ಟಿತು. ಏನಾಗಿತ್ತೆಂದು ಅವನಿಗೆ ಕೊನೆಗೂ ತಿಳಿಯಲಿಲ್ಲ.